ಒಡಲ ಕಲ್ಲನ್ನು ಒಡೆದ ಬಗೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ—ಈ ನಾಲ್ಕು ಊರುಗಳ ನಡುವೆ ತಿರುಗಾಡಿದವರಿಗೆ ಕಲ್ಲಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಚಾಲುಕ್ಯ ಕೀರ್ತಿವರ್ಮನ ತಮ್ಮನಾದ ಮಂಗಲೇಶನು ಬಾದಾಮಿಯ ಮರಳುಗಲ್ಲನ್ನು ಕೊರೆಯಿಸಿ ವಿಷ್ಣುವಿಗೆ ಗುಹಾಲಯವನ್ನು ಮಾಡಿಸಿದ್ದು ಕ್ರಿ. ಶ. 578ರಲ್ಲಿ. ಇಳಕಲ್ಲ ಹುನಗುಂದಗಳ ಸುತ್ತಿನ ಕೆಂಪು ಗ್ರಾನೈಟು ಹಡಗು ಹತ್ತಿ ಪರದೇಶಗಳಿಗೆ ಹೋಗುತ್ತದೆ. ಬಾಗಲಕೋಟೆಯ ಸೀಮೆಯ ಸುಣ್ಣಗಲ್ಲು ಸಿಮೆಂಟಾಗಿ ಎಷ್ಟೋ ಊರುಗಳ ಗೋಡೆಗಳನ್ನು ಎಬ್ಬಿಸಿದೆ. ಈ ಕಲ್ಲುಗಳ ಚರಿತ್ರೆಯನ್ನು ಬರೆದವರು ಅನೇಕರುಂಟು. ಆದರೆ ಇದೇ ನೆಲದ ಜನ ತಮ್ಮ ಒಡಲೊಳಗೆ ಹೊತ್ತು ತಿರುಗುವ ಇನ್ನೊಂದು ಕಲ್ಲು ಇದೆ. ಬೆನ್ನಿನ ಒಂದು ಮಗ್ಗುಲಿನಿಂದ ತೊಡೆಯ ಸಂದಿನವರೆಗೆ ಇಳಿಯುವ ಆ ನೋವನ್ನು ಒಮ್ಮೆ ಉಂಡವರು ಅದನ್ನು ಮರೆಯುವುದಿಲ್ಲ. ಆ ಕಲ್ಲನ್ನು ಮನುಷ್ಯನು ಮೊದಲು ಕೊಯ್ದು ತೆಗೆದ, ಆಮೇಲೆ ಒಳಗೇ ಜಜ್ಜಿದ, ಕೊನೆಗೆ ಮೈಯನ್ನು ಮುಟ್ಟದೆ ಸದ್ದಿನಿಂದಲೇ ಪುಡಿಮಾಡಲು ಕಲಿತ. ಈ ಕಲಿಕೆಗೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಅದರ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ, ಕನ್ನಡದ ಅಧ್ಯಾಪಕ. ಆದುದರಿಂದ ಮಾತಿನಿಂದಲೇ ಹೊರಡುತ್ತೇನೆ. ಸಂಸ್ಕೃತದಲ್ಲಿ ಈ ರೋಗಕ್ಕೆ ‘ಅಶ್ಮರಿ’ ಎಂದು ಹೆಸರು, ಅಶ್ಮವೆಂದರೆ ಕಲ್ಲು. ನಮ್ಮ ಕಡೆಯವರು ‘ಹಳ್ಳು’ ಎನ್ನುತ್ತಾರೆ. ಗ್ರಂಥಭಾಷೆಯ ‘ಹರಳು’ ಅದೇ. ಲ್ಯಾಟಿನ್ನಿನಲ್ಲಿ ಸಣ್ಣ ಹರಳಿಗೆ ‘ಕ್ಯಾಲ್ಕ್ಯುಲಸ್’ ಎಂದು ಹೆಸರಿತ್ತು. ಹರಳುಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದುದರಿಂದ ಗಣಿತದ ಒಂದು ಶಾಖೆಗೂ ವೈದ್ಯರ ಬಾಯಲ್ಲಿ ಈ ರೋಗಕ್ಕೂ ಅದೇ ಹೆಸರು ಉಳಿದುಕೊಂಡಿತು. ಆಯುರ್ವೇದವು ಈ ರೋಗಕ್ಕೆ ಹೇಳುವ ಒಂದು ಮೂಲಿಕೆಯ ಹೆಸರು ‘ಪಾಷಾಣಭೇದ’, ಎಂದರೆ ಕಲ್ಲನ್ನು ಒಡೆಯುವುದು. ಯುರೋಪಿನವರೂ ಒಂದು ಜಾತಿಯ ಗಿಡವನ್ನು ‘ಸ್ಯಾಕ್ಸಿಫ್ರಾಗ’ ಎಂದು ಕರೆದರು. ಅದರ ಅರ್ಥವೂ ಕಲ್ಲೊಡೆಯುವುದೆಂದೇ! ಇಂದಿನ ದವಾಖಾನೆಗಳಲ್ಲಿ ಕೇಳಿಬರುವ ‘ಲಿಥೊಟ್ರಿಪ್ಸಿ’ ಗ್ರೀಕಿನಿಂದ ಬಂದದ್ದು; ಕಲ್ಲನ್ನು ಅರೆಯುವುದು ಎಂದು ಅದರ ತಾತ್ಪರ್ಯ. ಪೂರ್ವ ಪಶ್ಚಿಮಗಳೆರಡರಲ್ಲಿಯೂ ಜನರ ಮನಸ್ಸಿನಲ್ಲಿದ್ದ ಆಸೆ ಒಂದೇ ಆಗಿತ್ತು: ಕತ್ತಿಯಿಲ್ಲದೆ ಕಲ್ಲು ಒಡೆದುಹೋಗಬೇಕು. ಆಸೆ ಭಾಷೆಯಲ್ಲಿ ಮೊದಲು ಹುಟ್ಟಿತು, ಉಪಾಯ ಬಹಳ ತಡವಾಗಿ ಬಂದಿತು.

ರೋಗವಂತೂ ಪುರಾತನವಾದುದು. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ 1901ರಲ್ಲಿ ಅಗೆದ ಒಂದು ಸಮಾಧಿಯಲ್ಲಿ, ಹದಿಹರೆಯದ ಹುಡುಗನೊಬ್ಬನ ಸೊಂಟದ ಎಲುಬುಗಳ ನಡುವೆ ಮೂತ್ರಾಶಯದ ಕಲ್ಲು ದೊರೆಯಿತು. ಅದು ಸುಮಾರು 6,800 ವರ್ಷಗಳ ಹಿಂದಿನದೆಂದು ತಿಳಿದವರು ಎಣಿಸಿದ್ದಾರೆ. ನಮ್ಮ ದೇಶದಲ್ಲಿ ಈ ರೋಗವನ್ನು ಕುರಿತು ವಿಸ್ತಾರವಾಗಿ ಬರೆದವನು ಸುಶ್ರುತ. ಅವನ ಸಂಹಿತೆಯ ನಿದಾನಸ್ಥಾನದ ಮೂರನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವೂ ಅಶ್ಮರಿಗೇ ಮೀಸಲು. ಅವನು ಇದನ್ನು ಯಮನಿಗೆ ಸಮಾನವಾದ ದಾರುಣ ವ್ಯಾಧಿಯೆಂದು ಬಣ್ಣಿಸುತ್ತಾನೆ. ಹೊಸದಾಗಿದ್ದಾಗ ಔಷಧದಿಂದ ಗುಣವಾಗಬಹುದು, ಬಲಿತ ಮೇಲೆ ಶಸ್ತ್ರವೇ ಗತಿ ಎನ್ನುತ್ತಾನೆ. ಆದರೆ ಶಸ್ತ್ರಕ್ಕೆ ಕೈಹಾಕುವ ಮುನ್ನ ಒಡೆಯನ ಅಪ್ಪಣೆಯನ್ನು ಪಡೆಯಬೇಕೆಂದು ವೈದ್ಯನಿಗೆ ಎಚ್ಚರ ಕೊಡುತ್ತಾನೆ. ಏಕೆಂದರೆ ಕೊಯ್ಯದಿದ್ದರೆ ಸಾವು ಖಂಡಿತ, ಕೊಯ್ದರೆ ಬದುಕುವುದು ಸಂದೇಹ. ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯನೊಬ್ಬನು ತನ್ನ ವಿದ್ಯೆಯ ಮಿತಿಯನ್ನು ಇಷ್ಟು ನೇರವಾಗಿ ಒಪ್ಪಿಕೊಂಡದ್ದು ದೊಡ್ಡ ಮಾತೆಂದು ನನಗೆ ತೋರುತ್ತದೆ.

ಅವನು ಹೇಳುವ ವಿಧಾನವನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ರೋಗಿಯನ್ನು ಬಲವಾಗಿ ಹಿಡಿದು ಕೂರಿಸಿ, ಉಗುರು ಕತ್ತರಿಸಿ ಎಣ್ಣೆ ಹಚ್ಚಿದ ಎಡಗೈ ಬೆರಳುಗಳನ್ನು ಗುದದ್ವಾರದಲ್ಲಿ ತೂರಿಸಿ, ಮೂತ್ರಾಶಯದ ಕಲ್ಲನ್ನು ಕೆಳಕ್ಕೆ ಒತ್ತಿ ತರಬೇಕು. ನಡುಗೆರೆಯಿಂದ ಒಂದು ಜವೆಗಾಳಿನಷ್ಟು ಎಡಕ್ಕೆ ಕೊಯ್ದು ಕಲ್ಲನ್ನು ಹೊರದೆಗೆಯಬೇಕು. ಇದೆಲ್ಲ ಅರಿವು ತಪ್ಪಿಸುವ ಮದ್ದು ಇಲ್ಲದ ಕಾಲದಲ್ಲಿ! ಇಲ್ಲಿ ಸುಶ್ರುತನು ಹೇಳುವ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ತೆಗೆಯುವಾಗ ಕಲ್ಲು ಒಡೆಯದಂತೆ, ಪುಡಿಯಾಗದಂತೆ ನೋಡಿಕೊಳ್ಳಬೇಕು. ಎಳ್ಳಷ್ಟು ಪುಡಿ ಉಳಿದರೂ ಅದು ಮತ್ತೆ ಬೆಳೆಯುತ್ತದೆ ಎಂಬುದು ಒಂದು. ಶಸ್ತ್ರಕ್ರಿಯೆಯಾದ ಮೇಲೆ ರೋಗಿಯನ್ನು ಬಿಸಿನೀರಿನ ದೋಣಿಯಲ್ಲಿ, ಎಂದರೆ ತೊಟ್ಟಿಯಲ್ಲಿ, ಕೂರಿಸಬೇಕು ಎಂಬುದು ಇನ್ನೊಂದು. ಮುಂದೆ ಈ ಎರಡೂ ಮಾತುಗಳು ನಮ್ಮ ಕಥೆಯಲ್ಲಿ ಬೇರೆ ವೇಷದಲ್ಲಿ ಬರಲಿವೆ.

ಇತ್ತ ಗ್ರೀಸಿನಲ್ಲಿ ಹಿಪೊಕ್ರೇಟಿಸನ ಹೆಸರಿನ ಪ್ರತಿಜ್ಞೆಯು, ಕಲ್ಲಿನ ರೋಗಿಗಳನ್ನು ತಾನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂದು ವೈದ್ಯನಿಂದ ನುಡಿಸಿತು. ಬಲ್ಲವರು ಊರೂರು ಅಲೆಯುತ್ತ ಕಲ್ಲು ತೆಗೆಯುವ ಕಸಬುದಾರರಾದರು. ಇಂಗ್ಲೆಂಡಿನ ಪ್ರಸಿದ್ಧ ದಿನಚರಿಕಾರನಾದ ಸ್ಯಾಮ್ಯುಯಲ್ ಪೀಪ್ಸನು ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, 1658ರ ಮಾರ್ಚ್ 26ರಂದು, ಇಂಥ ಶಸ್ತ್ರಕ್ರಿಯೆಗೆ ಒಳಗಾದನು. ವಿಜಯಪುರದ ಗೋಲಗುಮ್ಮಟ ಮುಗಿದು ಆಗ ಎರಡು ವರ್ಷಗಳಾಗಿದ್ದವು ಎಂದರೆ ನಮ್ಮವರಿಗೆ ಆ ಕಾಲದ ಅಂದಾಜಾದೀತು. ಪೀಪ್ಸನು ಬದುಕಿದ. ಆ ಕಲ್ಲಿಗೆ ಒಂದು ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡ. ವರ್ಷಕ್ಕೊಮ್ಮೆ ಆ ದಿನ ನೆಂಟರಿಷ್ಟರನ್ನು ಕರೆದು ಊಟಹಾಕುವ ಸಂಕಲ್ಪ ಮಾಡಿದ. ಹಬ್ಬ ಮಾಡುವಷ್ಟು ಅಪರೂಪವಾಗಿತ್ತು ಆಗ ಬದುಕಿ ಬರುವುದು.

ಕಲ್ಲನ್ನು ತೆಗೆಯುವ ಬದಲು ಒಳಗೇ ಒಡೆಯಬಹುದೆಂದು ಮಾಡಿ ತೋರಿಸಿದವನು ಪ್ಯಾರಿಸಿನ ಜ್ಯಾನ್ ಸಿವಿಯಾಲ್. 1824ರಲ್ಲಿ ಅವನು ಮೂರು ಬೆರಳುಗಳಂಥ ಒಂದು ಉಪಕರಣವನ್ನು ಮೂತ್ರದ್ವಾರದಿಂದ ಒಳಗೆ ಕಳಿಸಿ, ಮೂತ್ರಾಶಯದ ಕಲ್ಲನ್ನು ಹಿಡಿದು ಕೊರೆದು ಪುಡಿಮಾಡಿದನು. ಒಳಗನ್ನು ನೋಡುವ ದರ್ಶಕ ಆಗ ಇರಲಿಲ್ಲ. ಈಥರಿನ ನಿದ್ದೆಯೂ ಇರಲಿಲ್ಲ. ಅದು ಬಂದದ್ದು 1846ರಲ್ಲಿ. ಬೆರಳ ತುದಿಯ ಅನುಭವವೇ ಅವನ ಕಣ್ಣು. ಆದರೆ ಸಿವಿಯಾಲನ ಹಿರಿಮೆ ಈ ಉಪಕರಣಕ್ಕಷ್ಟೇ ಸಲ್ಲುವುದಲ್ಲ. ಅವನು ಯುರೋಪಿನ ನಾನಾ ಕಡೆಗಳಿಂದ ಲೆಕ್ಕ ತರಿಸಿದನು. ಕೊಯ್ದು ತೆಗೆದ ರೋಗಿಗಳಲ್ಲಿ ನೂರಕ್ಕೆ ಸುಮಾರು ಹತ್ತೊಂಬತ್ತು ಮಂದಿ ಸಾಯುತ್ತಿದ್ದರೆ, ಒಳಗೇ ಒಡೆದವರಲ್ಲಿ ಸಾಯುವವರು ನೂರಕ್ಕೆ ಎರಡರ ಆಸುಪಾಸು ಎಂದು ತೋರಿಸಿದನು. 1835ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಈ ಲೆಕ್ಕವನ್ನು ಪರಿಶೀಲಿಸಿತು. ಪರಿಶೀಲಕರಲ್ಲಿ ಗಣಿತಜ್ಞ ಪ್ವಾಸೋನನೂ ಇದ್ದನು. ಎರಡು ಗುಂಪಿನ ರೋಗಿಗಳು ಒಂದೇ ತರದವರಲ್ಲ ಎಂಬ ಆಕ್ಷೇಪಕ್ಕೆ ಎಡೆಯಿತ್ತು ನಿಜ. ಆದರೂ ಚಿಕಿತ್ಸೆಯ ಗುಣವನ್ನು ವೈದ್ಯನ ಹೆಸರಿನಿಂದ ಅಳೆಯದೆ ಬದುಕಿದವರ ಎಣಿಕೆಯಿಂದ ಅಳೆಯಬೇಕೆಂಬ ಪಾಠ ಮೊದಲಿಗೆ ಬಂದ ಕಡೆಗಳಲ್ಲಿ ಇದೂ ಒಂದು. ಹರಳಿನಿಂದ ಲೆಕ್ಕ ಹುಟ್ಟಿತೆಂದೆನಲ್ಲ. ಇಲ್ಲಿ ಹರಳಿನ ರೋಗದಿಂದ ವೈದ್ಯಕ್ಕೆ ಲೆಕ್ಕ ಬಂದಿತು.

1878ರಲ್ಲಿ ಅಮೆರಿಕದ ಬಿಗೆಲೋ ಎಂಬವನು, ರೋಗಿಗೆ ಈಥರು ಕೊಟ್ಟು ಒಂದೇ ಸಲಕ್ಕೆ ಕಲ್ಲನ್ನು ಜಜ್ಜಿ, ಪುಡಿಯನ್ನು ನೀರಿನಿಂದ ಹೀರಿ ತೆಗೆಯುವ ಕ್ರಮವನ್ನು ತಂದನು. ಆ ಕ್ರಮ ಬಹುಬೇಗ ನಮ್ಮ ದೇಶಕ್ಕೆ ಬಂದಿತು. 1880ರ ದಶಕದಲ್ಲಿ ಇಂದೂರಿನ ಆಸ್ಪತ್ರೆಯಲ್ಲಿ ಡೆನಿಸ್ ಕೀಗನ್ ಎಂಬ ವೈದ್ಯನು ಚಿಕ್ಕ ಹುಡುಗರಲ್ಲಿಯೂ ಇದನ್ನು ಮಾಡಬಹುದೆಂದು ತೋರಿಸಿದನು. ಹುಡುಗರಲ್ಲಿ ಏಕೆ? ಆಗಿನ ಕಲ್ಲು ಬಹುಮಟ್ಟಿಗೆ ಮಕ್ಕಳ ಮೂತ್ರಾಶಯದ ಕಲ್ಲು. ಸುಶ್ರುತನೂ ಮಕ್ಕಳಲ್ಲಿ ಇದು ಹೆಚ್ಚೆಂದು ಬರೆದಿದ್ದಾನೆ. ಬರಿಯ ಕಾಳುಕಡಿಯ ಮೇಲೆ, ಹಾಲು ಹೈನು ಸಾಲದೆ ಬೆಳೆಯುವ ಬಡವರ ಮಕ್ಕಳಿಗೆ ಅದು ಬರುತ್ತಿತ್ತು. ಊಟ ಸುಧಾರಿಸಿದಂತೆ ಆ ರೋಗ ಕಡಿಮೆಯಾಯಿತು. ಅದರ ಜಾಗದಲ್ಲಿ ದೊಡ್ಡವರ ಮೂತ್ರಪಿಂಡದ ಕಲ್ಲು ಹೆಚ್ಚಿತು. ಆದರೆ ಮೂತ್ರಪಿಂಡವು ಬೆನ್ನಿನೊಳಗೆ ಆಳದಲ್ಲಿದೆ. ಸಿವಿಯಾಲನ ಬೆರಳುಗಳು ಅಲ್ಲಿಗೆ ಮುಟ್ಟುವುದಿಲ್ಲ. ಕ್ಷಕಿರಣದ ದಯೆಯಿಂದ 1896ರ ಹೊತ್ತಿಗೆ ಅಲ್ಲಿಯ ಕಲ್ಲನ್ನು ಹೊರಗಿನಿಂದ ಕಾಣುವುದೇನೋ ಸಾಧ್ಯವಾಯಿತು. ತೆಗೆಯುವುದಕ್ಕೆ ಮಾತ್ರ ಮತ್ತೆ ಕತ್ತಿಯೇ ಬೇಕಾಯಿತು.

ಆ ಕತ್ತಿಯ ಗುರುತನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಹುನಗುಂದದಲ್ಲಿದ್ದ ನನ್ನ ಸೋದರಮಾವನಿಗೆ 1976ರಲ್ಲಿ ಮಿರಜದಲ್ಲಿ ಶಸ್ತ್ರಕ್ರಿಯೆಯಾಗಿತ್ತು. 1894ರಲ್ಲಿ ವಾನ್‌ಲೆಸ್ ಎಂಬ ವೈದ್ಯರು ತೆರೆದ ಮಿಶನ್ ದವಾಖಾನೆಯ ಕಾಲದಿಂದಲೂ ನಮ್ಮ ಸೀಮೆಯವರಿಗೆ ದೊಡ್ಡ ಬೇನೆ ಎಂದರೆ ಮಿರಜವೇ. ಮಾವ ಬಾವಿಯ ಕಟ್ಟೆಯ ಮೇಲೆ ಸ್ನಾನಕ್ಕೆ ಕುಳಿತಾಗ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಬಾಗಿಬಂದ ಗೇಣುದ್ದದ ಗಾಯದ ಕಲೆ ಕಾಣುತ್ತಿತ್ತು. ತೆಗೆದ ಕಲ್ಲನ್ನು ಒಂದು ಹಳೆಯ ಸುಣ್ಣದ ಡಬ್ಬಿಯಲ್ಲಿಟ್ಟಿದ್ದರು. “ನೋಡ ಅಳ್ಯಾ, ಇಷ್ಟ ಕಲ್ಲಿಗೆ ಅಷ್ಟ ಹರದಾರ” ಎಂದು ನಗುತ್ತಿದ್ದರು. ಮೂರು ತಿಂಗಳು ಅವರು ಹೊಲದ ಕಡೆ ಹೋಗಲಾಗಲಿಲ್ಲವಂತೆ. ಆ ಸುಗ್ಗಿಯ ಜೋಳವನ್ನು ಅರ್ಧ ಪಾಲಿಗೆ ಬೇರೆಯವರಿಂದ ಕೊಯ್ಯಿಸಬೇಕಾಯಿತಂತೆ. ಕಡಲೆಯಷ್ಟಿದ್ದ ಕಲ್ಲು ಒಂದು ಮನೆಯ ವರ್ಷದ ಅನ್ನಕ್ಕೆ ಕೈಹಾಕುವುದೆಂದರೆ ಹೀಗೆ.

ಗಾಯವಿಲ್ಲದೆ ಒಡೆಯುವ ಉಪಾಯವನ್ನು ತಿಳಿಯಬೇಕಾದರೆ ಇಳಕಲ್ಲಿನ ಕಲ್ಲುಗಣಿಗೆ ಒಮ್ಮೆ ಹೋಗಿಬರಬೇಕು. ಹಳೆಯ ಪದ್ಧತಿಯ ಕಲ್ಲುಕುಟಿಗನು ಬಂಡೆಯನ್ನು ಒಂದೇ ದೊಡ್ಡ ಪೆಟ್ಟಿನಿಂದ ಒಡೆಯಲು ಹೋಗುವುದಿಲ್ಲ. ಸಾಲಾಗಿ ಕುಳಿ ತೋಡಿ, ಒಂದೊಂದರಲ್ಲಿಯೂ ಕಬ್ಬಿಣದ ಬೆಣೆಯನ್ನು ಇಟ್ಟು, ಈ ತುದಿಯಿಂದ ಆ ತುದಿಗೆ ಸುತ್ತಿಗೆಯಿಂದ ಬಡಿಯುತ್ತ ಹೋಗುತ್ತಾನೆ. ಮತ್ತೆ ಮರಳಿ ಬರುತ್ತಾನೆ. ಕಲ್ಲಿನ ಸದ್ದು ಬದಲಾದುದನ್ನು ಅವನ ಕಿವಿ ಹಿಡಿಯುತ್ತದೆ. ಬಂಡೆ ಗೆರೆ ಹೊಡೆದಂತೆ ಸೀಳುತ್ತದೆ. ಇದರ ಗುಟ್ಟೇನೆಂದರೆ, ಕಲ್ಲು ಒತ್ತುವಿಕೆಗೆ ಬಲು ಗಟ್ಟಿ, ಎಳೆತಕ್ಕೆ ಬಹಳ ಮೆತ್ತಗೆ. ಗ್ರಾನೈಟು ಎಷ್ಟು ಒತ್ತಡವನ್ನು ತಾಳುತ್ತದೆಯೋ ಅದರ ಹತ್ತರಲ್ಲೊಂದು ಪಾಲಿನ ಎಳೆತವನ್ನೂ ಸರಿಯಾಗಿ ತಾಳಲಾರದು. ಬೆಣೆ ಮಾಡುವುದು ಎರಡು ಕಡೆಗೆ ಎಳೆಯುವ ಕೆಲಸವನ್ನು. ಒಡಲೊಳಗಿನ ಕಲ್ಲಿಗೂ ಇದೇ ಸ್ವಭಾವ. ಅಲ್ಲಿಗೆ ಬೆಣೆಯನ್ನು ಕಳಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಆ ಬೆಣೆ ಸದ್ದಿನ ರೂಪದಲ್ಲಿ ದೊರೆಯಿತು. ಸೆಕೆಂಡಿಗೆ 20,000 ಕಂಪನಗಳನ್ನು ದಾಟಿದ ಸದ್ದು ನಮ್ಮ ಕಿವಿಗೆ ಕೇಳಿಸದು. ಅದನ್ನು ಶ್ರವಣಾತೀತ ಧ್ವನಿ ಎನ್ನುತ್ತಾರೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡಿದ್ದರು. ವಿದ್ಯುತ್ತನ್ನು ಹಾಯಿಸಿದರೆ ಅವೇ ಸ್ಫಟಿಕಗಳು ಕಂಪಿಸುತ್ತವೆ. ಇದನ್ನು ಹಿಡಿದು ಮೊದಲ ಮಹಾಯುದ್ಧದ ಕಾಲದಲ್ಲಿ ಲಾಂಜವ್ಯಾ ಎಂಬ ಫ್ರೆಂಚ್ ವಿಜ್ಞಾನಿಯು ಜಲಾಂತರ್ಗಾಮಿಗಳನ್ನು ಹುಡುಕಲು ನೀರಿನೊಳಗೆ ಇಂಥ ಧ್ವನಿಯನ್ನು ಕಳಿಸಿದನು. 1953ರಲ್ಲಿ ಅಮೆರಿಕದ ಮಲ್ವೇನಿ ಎಂಬ ವೈದ್ಯನು ಇದರಿಂದ ಮೂತ್ರದ ಕಲ್ಲುಗಳನ್ನು ಒಡೆಯಲು ಪ್ರಯತ್ನಿಸಿದುದುಂಟು. ಆಗಿನ ಉಪಕರಣಗಳಿಂದ ಅದು ಹೊರಗಿನಿಂದ ಮಾಡುವ ಚಿಕಿತ್ಸೆಯ ಮಟ್ಟವನ್ನು ಮುಟ್ಟಲಿಲ್ಲ. 1970ರ ದಶಕದಲ್ಲಿ ಶ್ರವಣಾತೀತ ಧ್ವನಿಯಿಂದ ಕಂಪಿಸುವ ಸಲಾಕೆಯನ್ನು ದೇಹದೊಳಗೆ ಕಳಿಸಿ ಕಲ್ಲಿಗೆ ತಾಗಿಸಿ ಒಡೆಯುವ ಕ್ರಮ ಬಂದಿತು. ಅದಕ್ಕೂ ಒಂದು ದಾರಿಯನ್ನು ತೆರೆಯಲೇಬೇಕಾಗಿತ್ತು.

ಮುಂದಿನ ಹೆಜ್ಜೆ ವೈದ್ಯರ ಮನೆಯಿಂದ ಬಾರದೆ ವಿಮಾನದ ಕಾರ್ಖಾನೆಯಿಂದ ಬಂದಿತೆಂಬುದು ಸೋಜಿಗ. ಜರ್ಮನಿಯ ಡಾರ್ನಿಯರ್ ಕಂಪನಿಯ ಇಂಜಿನಿಯರರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳಿಗೆ ಮಳೆಹನಿ ತಾಗಿದಾಗ ಲೋಹದಲ್ಲಿ ಕುಳಿಗಳೇಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಹನಿ ತಾಗಿದ ಕಡೆ ಹುಟ್ಟಿದ ಆಘಾತದ ಅಲೆಯೊಂದು ಲೋಹದೊಳಗೆ ಸಾಗಿ ದೂರದಲ್ಲಿಯೂ ಕೆಡುಕನ್ನು ಮಾಡುತ್ತದೆಂದು ಅವರಿಗೆ ತಿಳಿಯಿತು. ಹಾನಿ ಮಾಡುವ ಈ ಅಲೆಯನ್ನು ಉಪಕಾರಕ್ಕೆ ತಿರುಗಿಸಬಾರದೇಕೆ? ಮ್ಯೂನಿಕ್ಕಿನ ವೈದ್ಯರು ಅವರೊಡನೆ ಕೂಡಿದರು. ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಯಿತು. 1980ರ ಫೆಬ್ರವರಿ 7ರಂದು ಕ್ರಿಸ್ಟಿಯನ್ ಶೌಸಿ ಮತ್ತು ಅವರ ಸಂಗಡಿಗರು ಮ್ಯೂನಿಕ್ಕಿನಲ್ಲಿ ಮೊಟ್ಟಮೊದಲ ರೋಗಿಯ ಮೂತ್ರಪಿಂಡದ ಕಲ್ಲನ್ನು, ಚರ್ಮದ ಮೇಲೆ ಒಂದು ಗೀರೂ ಇಲ್ಲದೆ, ಒಡೆದರು. 1984ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರವೂ ಈ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಜಗತ್ತಿನ ಎಲ್ಲ ಕಡೆಗೂ ಅದು ಹರಡಿತು.

ಆ ಮೊದಲ ಯಂತ್ರದಲ್ಲಿ ರೋಗಿಯನ್ನು ಎಲ್ಲಿ ಕೂರಿಸುತ್ತಿದ್ದರು ಗೊತ್ತೇ? ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ! ಸುಶ್ರುತನ ದೋಣಿ ಇಲ್ಲಿ ಮರಳಿ ಬಂದಂತೆ ಕಾಣುತ್ತದೆ. ಆದರೆ ನಮ್ಮವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಹಿಗ್ಗುವವರ ಸಾಲಿಗೆ ನಾನು ಸೇರಲಾರೆ. ಸುಶ್ರುತನ ನೀರು ಕೊಯ್ದ ಗಾಯದ ರಕ್ತ ಮೂತ್ರಾಶಯದಲ್ಲಿ ತುಂಬದಿರಲೆಂದು. ಮ್ಯೂನಿಕ್ಕಿನ ನೀರು ಅಲೆಗೆ ದಾರಿಯಾಗಲೆಂದು. ನಮ್ಮ ಮಾಂಸವು ಬಹುಮಟ್ಟಿಗೆ ನೀರೇ ಆದುದರಿಂದ ನೀರಿನಲ್ಲಿ ಹುಟ್ಟಿದ ಅಲೆ ಮೈಯೊಳಗೆ ಸಲೀಸಾಗಿ ನುಗ್ಗುತ್ತದೆ. ನಡುವೆ ಗಾಳಿ ಬಂದರೆ ಅಲೆ ಅಲ್ಲಿಯೇ ಹಿಂದಿರುಗುತ್ತದೆ. ಈಗ ತೊಟ್ಟಿ ಹೋಗಿದೆ; ನೀರು ತುಂಬಿದ ಒಂದು ದಿಂಬನ್ನು ಬೆನ್ನಿಗೆ ಒತ್ತಿ, ನಡುವೆ ಗಾಳಿಯ ಗುಳ್ಳೆ ಉಳಿಯದಂತೆ ಲೋಳೆಯನ್ನು ಹಚ್ಚುತ್ತಾರೆ.

ಕಲ್ಲನ್ನು ಒಡೆಯುವ ಅಲೆ ದಾರಿಯ ಮಾಂಸವನ್ನೇಕೆ ಹರಿಯುವುದಿಲ್ಲ ಎಂದು ಯಾರಾದರೂ ಕೇಳಬಹುದು. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದವನ್ನು ಸುಟ್ಟ ಹುಡುಗರಿಗೆ ಇದರ ಉತ್ತರ ಗೊತ್ತು. ಗಾಜಿನ ಹತ್ತಿರ ಕೈಯಿಟ್ಟರೆ ಸುಡುವುದಿಲ್ಲ. ಕಿರಣಗಳೆಲ್ಲ ಕೂಡುವ ಬಿಂದುವಿನಲ್ಲಿ ಮಾತ್ರ ಸುಡುತ್ತದೆ. ಡಾರ್ನಿಯರ್ ಯಂತ್ರದಲ್ಲಿ ದೀರ್ಘವೃತ್ತದ ಆಕಾರದ ಒಂದು ಲೋಹದ ಬೋಗುಣಿ ಇತ್ತು. ದೀರ್ಘವೃತ್ತಕ್ಕೆ ಎರಡು ನಾಭಿಗಳು; ಒಂದರಲ್ಲಿ ಹೊರಟ ಸದ್ದು ಗೋಡೆಗೆ ತಾಗಿ ಇನ್ನೊಂದರಲ್ಲಿ ಬಂದು ಕೂಡುತ್ತದೆ. ಒಂದು ನಾಭಿಯಲ್ಲಿ ನೀರಿನೊಳಗೆ ವಿದ್ಯುತ್ ಕಿಡಿ ಹಾರುತ್ತಿತ್ತು. ಇನ್ನೊಂದು ನಾಭಿಗೆ ಸರಿಯಾಗಿ ರೋಗಿಯ ಕಲ್ಲನ್ನು ಕ್ಷಕಿರಣದ ಸಹಾಯದಿಂದ ಹೊಂದಿಸುತ್ತಿದ್ದರು. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಸದ್ದು ಗೋಡೆಯನ್ನೇ ತಬ್ಬಿಕೊಂಡು ಸುತ್ತುವ ಕ್ರಮ ಬೇರೆ. ಆದರೂ ಗೋಡೆಯ ಬಾಗು ಸದ್ದನ್ನು ಚದರಗೊಡದೆ ಬೇಕಾದಲ್ಲಿಗೆ ಒಯ್ಯಬಲ್ಲುದೆಂಬುದನ್ನು ಅಲ್ಲಿ ನಿಂತವರೆಲ್ಲ ಕಿವಿಯಾರೆ ಕೇಳಿದ್ದಾರೆ. ಕೂಡಿದ ಅಲೆ ಕಲ್ಲನ್ನು ಮೊದಲು ಒತ್ತುತ್ತದೆ. ಹಿಂಬದಿಗೆ ಹೋಗಿ ಮರಳುವಾಗ ಎಳೆಯುತ್ತದೆ. ಸುತ್ತಲಿನ ದ್ರವದಲ್ಲಿ ಏಳುವ ಸೂಕ್ಷ್ಮ ಗುಳ್ಳೆಗಳು ಒಡೆದು ಕಲ್ಲಿನ ಮೈಯನ್ನು ಕೊರೆಯುತ್ತವೆ. ಇಳಕಲ್ಲಿನ ಬೆಣೆಯ ಕೆಲಸವೇ ಇದು.

ಕೆಲವು ವರ್ಷಗಳ ಹಿಂದೆ ನನ್ನ ಎಡ ಮೂತ್ರಪಿಂಡದಲ್ಲಿ ಒಂಬತ್ತು ಮಿಲಿಮೀಟರಿನ ಕಲ್ಲು ಕಂಡಾಗ ಈ ಯಂತ್ರದ ಮೇಲೆ ಮಲಗುವ ಸರದಿ ನನಗೂ ಬಂದಿತು. ಟಪ್, ಟಪ್ ಎಂದು ಸಣ್ಣ ಸುತ್ತಿಗೆಯ ಸದ್ದು. ಬೆನ್ನಿಗೆ ಯಾರೋ ರಬ್ಬರಿನ ಪಟ್ಟಿ ಸೆಳೆದು ಬಿಟ್ಟಂಥ ಪೆಟ್ಟು. ಮಿನಿಟಿಗೆ ಅರವತ್ತರ ಲೆಕ್ಕದಲ್ಲಿ ಎರಡೂವರೆ ಸಾವಿರ ಪೆಟ್ಟುಗಳಾದವು. ಇನ್ನಷ್ಟು ಬೇಗ ಮುಗಿಸಬಾರದೇ ಎಂದು ಕೇಳಿದೆ. “ಅವಸರ ಮಾಡಿದ್ರ ಕಲ್ಲು ಒಡಿಯೂದಿಲ್ರಿ ಸರ್, ಕಿಡ್ನಿಗೆ ಪೆಟ್ಟಾಗ್ತದ” ಎಂದರು ವೈದ್ಯರು. ಮಿನಿಟಿಗೆ 120 ಪೆಟ್ಟುಗಳಿಗಿಂತ 60 ಪೆಟ್ಟುಗಳಿಂದ ಕಲ್ಲು ಚೆನ್ನಾಗಿ ಒಡೆಯುತ್ತದೆಂದು ಪರೀಕ್ಷೆಗಳೂ ತೋರಿಸಿವೆ. ಕಲ್ಲುಕುಟಿಗರಿಗೆ ಈ ನಿಧಾನ ಹೊಸದಲ್ಲ. ಮೂರನೆಯ ದಿನ ನಾನು ಕಾಲೇಜಿಗೆ ಹೋಗಿ ಪಾಠ ಮಾಡಿದೆ. ಮಾವನ ಮೂರು ತಿಂಗಳಿಗೂ ನನ್ನ ಮೂರು ದಿನಗಳಿಗೂ ಇರುವ ಅಂತರವೇ ಈ ಚರಿತ್ರೆಯ ಸಾರ.

ಆದರೆ ಸುಶ್ರುತನ ಮೊದಲನೆಯ ಮಾತು ಇನ್ನೂ ಬಾಕಿ ಇದೆ. ಪುಡಿ ಉಳಿಯಬಾರದು ಎಂದನಲ್ಲವೇ? ಒಡೆಯುವುದನ್ನೇ ಚಿಕಿತ್ಸೆ ಮಾಡಿಕೊಂಡ ನಮ್ಮ ಕಾಲಕ್ಕೆ ಆ ಎಚ್ಚರಿಕೆ ನೇರವಾಗಿ ತಟ್ಟುತ್ತದೆ. ಯಂತ್ರವು ಕಲ್ಲನ್ನು ಒಡೆಯುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ, ಹಾಕಬೇಕಾದುದು ಮೂತ್ರ. ಚೂರುಗಳು ಮೂತ್ರನಾಳದಲ್ಲಿ ಸಾಲುಗಟ್ಟಿ ನಿಲ್ಲುವುದುಂಟು. ಜರ್ಮನರು ಇದಕ್ಕೆ ‘ಸ್ಟೈನ್‌ಸ್ಟ್ರಾಸ’, ಎಂದರೆ ಕಲ್ಲಿನ ಬೀದಿ, ಎಂದು ಹೆಸರಿಟ್ಟಿದ್ದಾರೆ. ಮೂತ್ರಪಿಂಡದ ತಳಭಾಗದ ಚೂರುಗಳು ಸುಲಭವಾಗಿ ಮೇಲೇರಿ ಬರುವುದಿಲ್ಲ. ಉಳಿದವು ಎಷ್ಟೋ ಜನರಲ್ಲಿ ಮತ್ತೆ ಬೆಳೆಯುತ್ತವೆ. ಬಾದಾಮಿಯ ಮರಳುಗಲ್ಲಿಗೂ ಇಳಕಲ್ಲಿನ ಗ್ರಾನೈಟಿಗೂ ಗಡುಸಿನಲ್ಲಿ ಭೇದವಿರುವಂತೆ ಒಡಲ ಕಲ್ಲುಗಳಲ್ಲಿಯೂ ಭೇದವಿದೆ. ಕೆಲವು ಬಗೆಯ ಆಕ್ಸಲೇಟ್ ಕಲ್ಲುಗಳೂ ಸಿಸ್ಟೀನ್ ಕಲ್ಲುಗಳೂ ಅಲೆಗೆ ಜಗ್ಗುವುದಿಲ್ಲ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲಿಗೆ, 1976ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುವ ಪದ್ಧತಿಯೇ ಲೇಸು. ಬಸುರಿಯರಿಗೂ ರಕ್ತ ಹೆಪ್ಪುಗಟ್ಟದ ದೋಷವುಳ್ಳವರಿಗೂ ಅಲೆಯ ಚಿಕಿತ್ಸೆ ಸಲ್ಲದು. ನಮ್ಮ ಜನ ಎಲ್ಲವನ್ನೂ ಸೇರಿಸಿ ‘ಲೇಸರ್’ ಎಂದುಬಿಡುತ್ತಾರೆ. ಲೇಸರಿನ ಕ್ರಮ ಬೇರೆ. ಅಲ್ಲಿ ಸಪೂರವಾದ ನಳಿಕೆ ಮೂತ್ರಮಾರ್ಗದಿಂದ ಒಳಗೆ ಹೋಗುತ್ತದೆ. ಅದು ಸುಧಾರಿಸಿದಂತೆ ಅನೇಕ ಕಡೆ ಅಲೆಯ ಯಂತ್ರದ ಬಳಕೆ ತಗ್ಗಿದೆ.

ಹಾಗಾದರೆ ಸದ್ದಿನ ಕಥೆ ಮುಗಿಯಿತೇ? ಇಲ್ಲ, ಅದು ಮೊದಲಿನ ಆಸೆಗೇ ಮರಳಿದೆ. ಅಮೆರಿಕದ ಸಿಯಾಟಲ್ ನಗರದ ವಾಶಿಂಗ್ಟನ್ ವಿಶ್ವವಿದ್ಯಾಲಯದವರು, ಒಂದೊಂದೇ ದೊಡ್ಡ ಆಘಾತಕ್ಕೆ ಬದಲಾಗಿ, ನಾಭಿಗೊಳಿಸಿದ ಶ್ರವಣಾತೀತ ಧ್ವನಿಯ ಸಣ್ಣ ಸಣ್ಣ ಅಲೆಗೊಂಚಲುಗಳನ್ನು ಕಳಿಸುವ ಕ್ರಮವನ್ನು ರೂಪಿಸಿದ್ದಾರೆ. ಸೆಕೆಂಡಿಗೆ ಸುಮಾರು ನಾಲ್ಕು ಲಕ್ಷ ಕಂಪನಗಳ ಈ ಧ್ವನಿಯನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದ ಬಿಡಬಹುದು. ಕಂಪನ ಹೆಚ್ಚಿದಂತೆ ಚೂರುಗಳು ಸಣ್ಣವಾಗುತ್ತವೆ ಎಂಬುದು ಇದರ ವಿಶೇಷ. 2022ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 19 ರೋಗಿಗಳ 23 ಕಲ್ಲುಗಳಿಗೆ ಹತ್ತು ಮಿನಿಟಿನವರೆಗೆ ಧ್ವನಿಯನ್ನು ಕೊಟ್ಟರು. 21 ಕಲ್ಲುಗಳು ಒಡೆದವು, 9 ಕಲ್ಲುಗಳು ಪೂರ್ತಿಯಾಗಿ ಎರಡು ಮಿಲಿಮೀಟರಿಗಿಂತ ಸಣ್ಣ ಪುಡಿಯಾದವು. ಇದೇ ಬಳಗದವರು ಧ್ವನಿಯ ಒತ್ತಡದಿಂದಲೇ ಚೂರುಗಳನ್ನು ಮೂಲೆಯಿಂದ ಸರಿಸಿ ದಾರಿಗೆ ಹಚ್ಚುವ ಉಪಾಯವನ್ನೂ ನಡೆಸಿ ನೋಡಿದ್ದಾರೆ. ಉಳಿದ ಪುಡಿಯ ಬಗ್ಗೆ ಸುಶ್ರುತನು ಪಟ್ಟ ಚಿಂತೆಗೆ ಇದು ಒಂದು ಉತ್ತರವಾದೀತು. ಅಂತರಿಕ್ಷಯಾತ್ರಿಗಳಿಗೆ ಮೂಳೆ ಸವೆದು ಕಲ್ಲು ಬರುವ ಭಯವಿರುವುದರಿಂದ ಅಮೆರಿಕದ ಅಂತರಿಕ್ಷ ಸಂಸ್ಥೆಯೂ ಇದಕ್ಕೆ ಹಣ ಒದಗಿಸಿದೆ. ಚಂದ್ರಲೋಕದ ದಾರಿಯಲ್ಲಿ ಕೆಲಸಕ್ಕೆ ಬರುವ ಪೆಟ್ಟಿಗೆ ದೊಡ್ಡ ಆಸ್ಪತ್ರೆಯಿಲ್ಲದ ಊರಿನಲ್ಲಿಯೂ ಒಂದು ದಿನ ಕೆಲಸಕ್ಕೆ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಗಳ ಹುರುಳಿ ಕಟ್ಟು, ಬಾಳೆದಿಂಡಿನ ರಸಗಳ ಮಾತನ್ನು ಬಿಡಲಾಗದು. ಸುಶ್ರುತನೂ ಹುರುಳಿಯನ್ನು ಹೇಳುತ್ತಾನೆ. ಇವುಗಳಿಂದ ಕಲ್ಲು ಕರಗುತ್ತದೆಂದು ಹೇಳಲು ಇನ್ನೂ ಗಟ್ಟಿಯಾದ ಪ್ರಮಾಣ ಸಾಲದು. ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ. ಆ ಹೊತ್ತಿಗೆ ಯಾವುದನ್ನು ಕುಡಿಯುತ್ತಿದ್ದೆವೋ ಅದಕ್ಕೆ ಕೀರ್ತಿ ಬರುತ್ತದೆ. ಆದರೆ ಕಷಾಯದ ನೆಪದಲ್ಲಿ ಒಳಗೆ ಹೋದ ನೀರು ಮಾತ್ರ ಎಂದೂ ವ್ಯರ್ಥವಲ್ಲ. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಕಷಾಯವನ್ನು ನೆಚ್ಚಿ ಕೂರಬಾರದು; ಸೋಂಕು ತಗಲಿದ ಮೂತ್ರಪಿಂಡ ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಎರವಾದೀತು. ಈಗ ಮಿರಜದವರೆಗೆ ಹೋಗಬೇಕಾದ ಕಾಲವೂ ಹೋಯಿತು. 2002ರಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯವೊಂದು ಬಾಗಲಕೋಟೆಯ ನವನಗರದಲ್ಲಿಯೇ ಇದೆ.

ನೀರಿನ ಬೆಲೆಯನ್ನು ಸಿವಿಯಾಲನಂತೆ ಎಣಿಸಿ ತೋರಿಸಿದವರೂ ಇದ್ದಾರೆ. ಇಟಲಿಯಲ್ಲಿ ಬೋರ್ಗಿ ಮತ್ತು ಸಂಗಡಿಗರು, ಮೊದಲ ಸಲ ಕಲ್ಲು ಬಂದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ಫಲವನ್ನು ಪ್ರಕಟಿಸಿದರು. ದಿನಕ್ಕೆ ಎರಡು ಲೀಟರು ಮೂತ್ರ ಹೋಗುವಷ್ಟು ನೀರು ಕುಡಿಯಿರೆಂದು ಹೇಳಿಸಿಕೊಂಡ 99 ಜನರಲ್ಲಿ 12 ಮಂದಿಗೆ ಮಾತ್ರ ಕಲ್ಲು ಮರಳಿತು. ಹಾಗೆ ಹೇಳಿಸಿಕೊಳ್ಳದ 100 ಜನರಲ್ಲಿ 27 ಮಂದಿಗೆ ಮರಳಿತು. ಇಷ್ಟು ಅಗ್ಗವಾದ ಮದ್ದು ಇನ್ನೊಂದಿಲ್ಲ. ಉಪ್ಪನ್ನು ಹಿತವಾಗಿ ತಿನ್ನಬೇಕು. ಸುಣ್ಣದಂಶವಿದೆಯೆಂದು ಹಾಲು ಮಜ್ಜಿಗೆಗಳನ್ನು ಬಿಡುವುದು ತಪ್ಪು. ಹದವಾಗಿ ಕುಡಿದವರಲ್ಲಿಯೇ ಕಲ್ಲು ಕಡಿಮೆ.

ಆದರೆ ಈ ಅಗ್ಗದ ಮದ್ದು ಎಲ್ಲರ ಕೈಗೆ ಎಟುಕುತ್ತದೆಯೇ? ವೈಶಾಖದ ಬಿಸಿಲಿನಲ್ಲಿ ಕಲ್ಲುಗಣಿಯಲ್ಲಿ ದುಡಿಯುವವನ ನೀರು ಬೆವರಾಗಿಯೇ ಮುಗಿಯುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನು ಸೀರೆ ಮುಗಿಯಲೆಂದು ಏಳುವುದನ್ನು ಮುಂದೂಡುತ್ತಾನೆ. ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಮುಂಜಾನೆಯಿಂದ ಸಂಜೆಯವರೆಗೆ ಹನಿ ನೀರನ್ನೂ ಕುಡಿಯದೆ ಇರುವುದನ್ನು ನಾನು ಬಲ್ಲೆ. ಕಾರಣ ಕೇಳಬೇಕಾಗಿಲ್ಲ, ದಾರಿಯ ಬಸ್ ನಿಲ್ದಾಣಗಳ ಶೌಚಾಲಯಗಳನ್ನು ಒಮ್ಮೆ ನೋಡಿದರೆ ಸಾಕು. ಇವರಿಗೆ ನೀರು ಕುಡಿಯಿರಿ ಎಂದು ಉಪದೇಶಿಸುವುದು ಸುಲಭ. ಕುಡಿಯಲು ಕೊಡವನ್ನೂ ಆಮೇಲೆ ಹೋಗಲು ಮರೆಯನ್ನೂ ಒದಗಿಸುವುದು ಊರಿನ, ಗಣಿಯ ಒಡೆಯನ, ವಿದ್ಯಾಸಂಸ್ಥೆಯ ಹೊಣೆ. ಸುಶ್ರುತನು ಶಸ್ತ್ರಕ್ಕೆ ಮೊದಲು ಒಡೆಯನನ್ನು ಕೇಳಬೇಕೆಂದ. ಶಸ್ತ್ರವೇ ಬೇಡವಾಗುವಂತೆ ಮಾಡಲು ಇಂದು ಕೇಳಬೇಕಾದುದು ಈ ಒಡೆಯರನ್ನೇ. ಸಿಯಾಟಲಿನ ಧ್ವನಿ ಹುನಗುಂದಕ್ಕೆ ಬಂದು ಮುಟ್ಟುವುದಕ್ಕೆ ಎಷ್ಟು ವರ್ಷ ಬೇಕೋ ಹೇಳಲಾರೆ. ಗಣಿಯ ದಂಡೆಯಲ್ಲಿ ಎರಡು ಹರವಿ ತಣ್ಣೀರು ಇಡುವುದಕ್ಕೆ ಮಾತ್ರ ಯಾರೂ ಯಾವ ಯಂತ್ರಕ್ಕೂ ಕಾಯಬೇಕಾಗಿಲ್ಲ.